ಅಳಿಯ ಅಂದರೆ ಯಾರು?

ನಮ್ಮ ನೆರೆಮನೆಯ ತುಳು ಕುಟುಂಬದವರ ಹತ್ತಿರ 1951ರ ಒಂದು ಪಾಲುಪಟ್ಟಿ ಇದೆ. ಈಗ ಕೇರಳದಲ್ಲಿರುವ ನಮ್ಮ ಕಾಸರಗೋಡು ಆಗ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಹಾಗಾಗಿ ಪತ್ರ ಕನ್ನಡದಲ್ಲೇ ಇದೆ. ಹಳದಿ ಬಿದ್ದ ಕಾಗದ, ಮಡಿಕೆಯಲ್ಲಿ ಹರಿದಿದೆ. ಅದರಲ್ಲಿ ಯಜಮಾನರ ಹೆಸರು, ಆಮೇಲೆ "ಅವರ ಅಳಿಯಂದಿರಾದ" ಅಂತ ಮೂರು ಜನರ ಹೆಸರು.

ಎರಡು ವರ್ಷದ ಹಿಂದೆ ಜಾಗದ ಕೆಲಸಕ್ಕೆ ಈ ಪತ್ರದ ಮಲಯಾಳ ಅನುವಾದ ಬೇಕಾಯಿತು. ಯಾರೋ ಮಾಡಿಕೊಟ್ಟರು. "ಅಳಿಯ" ಇದ್ದಲ್ಲಿ "ಅಳಿಯನ್" ಅಂತ ಹಾಕಿದರು. ಕೇಳಲಿಕ್ಕೆ ಒಂದೇ ಶಬ್ದ, ತಪ್ಪು ಅಂತ ಯಾರಿಗೆ ಹೊಳೆಯಬೇಕು? ಆದರೆ ಮಲಯಾಳದಲ್ಲಿ ಅಳಿಯನ್ ಅಂದರೆ ಅಕ್ಕನ ಅಥವಾ ತಂಗಿಯ ಗಂಡ, ಇಲ್ಲವೇ ಹೆಂಡತಿಯ ಅಣ್ಣ ತಮ್ಮ. ನಮ್ಮ ಲೆಕ್ಕದಲ್ಲಿ ಭಾವ ಅಥವಾ ಭಾವಮೈದುನ. ಕಾಗದ ನೋಡಿದ ಅಧಿಕಾರಿ ಕೇಳಿದ್ದು ಸರಿಯಾಗಿಯೇ ಇತ್ತು: ಕುಟುಂಬದ ಆಸ್ತಿಯಲ್ಲಿ ಭಾವಮೈದುನರಿಗೆ ಪಾಲು ಹೇಗೆ ಬಂತು?

ಪತ್ರ ಓದಿ ಹೇಳಲಿಕ್ಕೆ ನನ್ನನ್ನು ಕರೆದರು. ನಾನು "ಅಳಿಯ ಅಂದರೆ ಮಗಳ ಗಂಡ ಅಲ್ವಾ?" ಅಂದೆ. ಅದೂ ತಪ್ಪು. ಈ ಪತ್ರದ ಅಳಿಯಂದಿರು ಯಜಮಾನರ ಅಕ್ಕತಂಗಿಯರ ಮಕ್ಕಳು.

ಒಂದೇ ಶಬ್ದಕ್ಕೆ ಮೂರು ಜನ. ಕಾಸರಗೋಡಿನಲ್ಲಿ ಬೆಳೆದವರಿಗೆ ಇಂಥದ್ದು ಹೊಸತಲ್ಲ. ನಮ್ಮದು ಹವ್ಯಕ ಮನೆ. ತಾಯಿಗೆ ಅಬ್ಬೆ, ಚಿಕ್ಕಪ್ಪನಿಗೆ ಅಪ್ಪಚ್ಚಿ. ಬೇಲಿ ದಾಟಿದರೆ ತುಳು ಮನೆ. ಅಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ! ಆರೇಳು ವರ್ಷದವನಿದ್ದಾಗ ಅವರ ಮನೆಗೆ ಏನೋ ಕೇಳಲಿಕ್ಕೆ ಹೋಗಿದ್ದೆ. ಗೆಳೆಯ "ಅಮ್ಮೆರ್ ಇಜ್ಜೆರ್" ಅಂದ. ನಾನು ಓಡಿ ಬಂದು ಅಜ್ಜಿಗೆ "ಅವನ ಅಮ್ಮ ಇಲ್ಲ" ಅಂದೆ. ಅಜ್ಜಿ ಹೊರಗೆ ಬಂದು ನೋಡಿದರೆ ಅವನ ಅಮ್ಮ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದರು. ಇಲ್ಲದಿದ್ದದ್ದು ಅವನ ಅಪ್ಪ. ಈಗ ತುಳು ಮನೆಗಳಲ್ಲೂ ಮಕ್ಕಳು ಅಮ್ಮ, ಪಪ್ಪ ಅನ್ನುವುದೇ ಜಾಸ್ತಿ. ಆದರೆ ಮಾತೃಭಾಷೆಗೆ ತುಳುವಿನಲ್ಲಿ ಇವತ್ತೂ ಅಪ್ಪೆ ಬಾಸೆ ಅಂತಲೇ ಹೆಸರು.

ಇನ್ನೂ ಒಂದು ಇದೆ. ಕೊಂಕಣಿ ಮನೆಯಲ್ಲಿ ಭಾವು ಅಂದರೆ ಒಡಹುಟ್ಟಿದವ. ಮರಾಠಿಯ ಭಾವೂ ಕೂಡ ಅದೇ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡಿಗರಿಗೆ ಇದು ದಿನದ ಮಾತು. ನಮ್ಮ ಕನ್ನಡದ ಭಾವ ಮಾತ್ರ ಒಡಹುಟ್ಟಿದವನಾಗಲು ಸಾಧ್ಯವೇ ಇಲ್ಲ. ಅವನು ಅಕ್ಕನ ಗಂಡ, ಇಲ್ಲವೇ ಅಕ್ಕನನ್ನು ಮದುವೆಯಾಗಬಹುದಾದವನು.

ಈ ಕೊನೆಯ ಮಾತಿನಲ್ಲೇ ಎಲ್ಲದರ ಕೀಲಿ ಇದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ನಮ್ಮ ಸಂಬಂಧದ ಶಬ್ದಗಳು ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಅಂಕಲ್ ಅಂತ ಒಂದೇ ಮಾತಿನಲ್ಲಿ ಮುಗಿಸುವ ಕಡೆ ನಮಗೆ ದೊಡ್ಡಪ್ಪ, ಚಿಕ್ಕಪ್ಪ, ಮಾವ ಎಲ್ಲ ಬೇಕು ಅಂತ. ನನ್ನ ಪ್ರಕಾರ ಅದು ಅರ್ಧ ಸತ್ಯ. ಜಾಸ್ತಿ ಇರುವುದಕ್ಕಿಂತ ಇವು ಬೇರೆ ರೀತಿಯಲ್ಲಿ ಜೋಡಿಸಿಕೊಂಡಿವೆ. ಮಾವ ಎಂಬ ಒಂದೇ ಶಬ್ದ ತೆಗೆದುಕೊಳ್ಳಿ. ಅಮ್ಮನ ಅಣ್ಣ ತಮ್ಮ ಮಾವ. ಅಪ್ಪನ ತಂಗಿಯ ಗಂಡ ಮಾವ. ಹೆಂಡತಿಯ ಅಪ್ಪ, ಗಂಡನ ಅಪ್ಪ ಎಲ್ಲರೂ ಮಾವ. ಅತ್ತೆಯದೂ ಇದೇ ಕಥೆ: ಅಪ್ಪನ ಅಕ್ಕತಂಗಿ, ಮಾವನ ಹೆಂಡತಿ, ಗಂಡನ ಅಥವಾ ಹೆಂಡತಿಯ ತಾಯಿ. ಇಂಗ್ಲಿಷಿನವರಿಗೆ ಇವರೆಲ್ಲ ಬೇರೆ ಬೇರೆ ಜನ. ನಮಗೆ ಯಾಕೆ ಒಂದು?

ಈಗ ಅಪ್ಪನಿಂದ ಶುರು ಮಾಡಿ. ಅಪ್ಪನ ಅಣ್ಣ ತಮ್ಮಂದಿರನ್ನು ಏನೆಂದು ಕರೆಯುತ್ತೇವೆ? ದೊಡ್ಡ ಅಪ್ಪ, ಚಿಕ್ಕ ಅಪ್ಪ. ಅಂದರೆ ಅವರೂ ಅಪ್ಪಂದಿರೇ. ಅಮ್ಮನ ಅಕ್ಕತಂಗಿಯರು ದೊಡ್ಡ ಅಮ್ಮ, ಚಿಕ್ಕ ಅಮ್ಮ. ಅವರೂ ಅಮ್ಮಂದಿರೇ. ಆದರೆ ಅಪ್ಪನ ತಂಗಿ? ಅವಳು ಹೆಣ್ಣು, ಅಪ್ಪನಾಗಲಾರಳು. ಅಪ್ಪನ ಒಡಹುಟ್ಟಿದವಳು, ಅಮ್ಮನೂ ಆಗಲಾರಳು. ಅವಳಿಗೆ ಬೇರೆ ಶಬ್ದ ಬೇಕು, ಅತ್ತೆ. ಅಮ್ಮನ ಅಣ್ಣನೂ ಹಾಗೆಯೇ, ಅಪ್ಪನಾಗಲಾರ, ಮಾವ. ಒಡಹುಟ್ಟಿದ ಇಬ್ಬರು ಗಂಡಸರಾದರೆ ಅಥವಾ ಇಬ್ಬರು ಹೆಂಗಸರಾದರೆ ಶಬ್ದ ಒಂದೇ ದಾರಿಯಲ್ಲಿ ಹೋಗುತ್ತದೆ. ಒಬ್ಬ ಗಂಡು ಒಬ್ಬಳು ಹೆಣ್ಣಾದರೆ ಅಲ್ಲಿ ದಾರಿ ಒಡೆಯುತ್ತದೆ.

ಮುಂದಿನ ತಲೆಮಾರಿಗೆ ಬಂದರೆ ಎಲ್ಲ ತಾನಾಗಿ ಕೂಡಿ ಬರುತ್ತದೆ. ದೊಡ್ಡಪ್ಪ ಅಪ್ಪನೇ ಆದಮೇಲೆ ಅವನ ಮಕ್ಕಳು ನನ್ನ ಅಣ್ಣ, ತಂಗಿ. ಚಿಕ್ಕಮ್ಮನ ಮಕ್ಕಳೂ ಅಷ್ಟೇ. ಇವರೊಂದಿಗೆ ಮದುವೆಯ ಮಾತೇ ಇಲ್ಲ. ಮಾವನ ಮಕ್ಕಳು, ಅತ್ತೆಯ ಮಕ್ಕಳು ಮಾತ್ರ ಅಣ್ಣ ತಂಗಿಯರಲ್ಲ. ಅವರು ಭಾವ, ಅತ್ತಿಗೆ, ಮೈದುನ, ನಾದಿನಿ. ಅಂದರೆ ಮದುವೆಯಿಂದ ಬರಬೇಕಾದ ಹೆಸರುಗಳನ್ನು ಇವರು ಹುಟ್ಟಿನಿಂದಲೇ ಹೊತ್ತುಕೊಂಡು ಬಂದಿರುತ್ತಾರೆ. ಮಾವನ ಮಗಳನ್ನು ಮದುವೆಯಾದರೆ ಹೆಂಡತಿಯ ಅಪ್ಪನಿಗೆ ಹೊಸ ಹೆಸರು ಯಾಕೆ ಬೇಕು? ಅವನು ಮೊದಲೇ ಮಾವ. ಅತ್ತೆಯ ಮಗನಿಗೆ ಹೋದ ಹುಡುಗಿಗೆ ಅತ್ತೆ ಮೊದಲೇ ಅತ್ತೆ. ಸೋದರಿಕೆಯ ಮದುವೆ ನಡೆಯದ ಮನೆಯಲ್ಲೂ ಶಬ್ದಗಳು ಅದನ್ನೇ ನಂಬಿಕೊಂಡು ಕುಳಿತಿವೆ.

ಈಗ ಅಳಿಯನಿಗೆ ಬರಬಹುದು. ಗಂಡಸಿಗೆ ತಮ್ಮನ ಮಗ ಮಗನೇ. ತಂಗಿಯ ಮಗ ಮಗನಲ್ಲ, ಅಳಿಯ. ನನ್ನ ಮಗಳಿಗೆ ಅವನು ಅತ್ತೆಯ ಮಗ, ಮದುವೆಗೆ ಸಲ್ಲುವವನು. ಹಾಗಾಗಿ ತಂಗಿಯ ಮಗನಿಗೂ ಮಗಳ ಗಂಡನಿಗೂ ಒಂದೇ ಹೆಸರು. ಹೆಂಗಸಿಗೆ ಇದು ತಿರುಗುಮುರುಗು. ಅಕ್ಕನ ಮಗ ಮಗ, ಅಣ್ಣನ ಮಗ ಅಳಿಯ, ಅಣ್ಣನ ಮಗಳು ಸೊಸೆ. ಮಲಯಾಳದವರು ಇದೇ ಕೆಲಸಕ್ಕೆ ಬೇರೆ ಶಬ್ದ ಇಟ್ಟುಕೊಂಡಿದ್ದಾರೆ, ಮರುಮಗನ್. ತುಳುವಿನ ಮರ್ಮಯೆ ಅದರದ್ದೇ ನೆಂಟ. ಮಲಯಾಳದಲ್ಲಿ ಅಳಿಯನ್ ಎಂಬ ಶಬ್ದ ಜಾರಿ ಒಂದು ತಲೆಮಾರು ಮೇಲಕ್ಕೆ ಹೋಗಿ ಕೂತಿದೆ. ಈಗ ಅಲ್ಲಿನ ಹುಡುಗರು ಗೆಳೆಯನನ್ನೂ "ಅಳಿಯಾ" ಅಂತ ಕರೆಯುತ್ತಾರೆ. ಕಾಸರಗೋಡು ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಹೆಣ್ಣು ಕೊಡದೆಯೇ ನಾಲ್ಕು ಜನ ಅಳಿಯಂದಿರಾಗುತ್ತಾರೆ.

ಈ ಲೆಕ್ಕ ದೂರದ ನೆಂಟರಿಗೂ ನಡೆಯುತ್ತದೆ. ಅದನ್ನು ನಾನು ಕಲಿತದ್ದು ಅಜ್ಜಿಯಿಂದ, ಕುಂಬಳೆಯ ಒಂದು ಮದುವೆ ಮನೆಯಲ್ಲಿ. ಊಟದ ಪಂಕ್ತಿಯಲ್ಲಿ ಎದುರು ಕೂತ ದಪ್ಪ ಮೀಸೆಯವರನ್ನು ಏನೆಂದು ಕರೆಯಬೇಕು ಅಂತ ಕೇಳಿದೆ. ಅಜ್ಜಿ ಸಾರು ಸುರಿದುಕೊಳ್ಳುತ್ತಲೇ ಹೇಳಿದರು: "ಅಂವ ನಿನ್ನ ಅಪ್ಪಂಗೆ ಭಾವ ಆಯೆಕ್ಕು. ಹಾಂಗಾರೆ ನಿನಗೆ ಮಾವ." ಅಷ್ಟೇ. ವಂಶಾವಳಿ ಬಿಡಿಸುವ ಕೆಲಸವೇ ಇಲ್ಲ. ಅಪ್ಪನ ಭಾವ ಎಂದರೆ ಅಪ್ಪನ ಅಕ್ಕತಂಗಿಯರಿಗೆ ಗಂಡನಾಗಬಹುದಾದವನು. ಅತ್ತೆಗೆ ಗಂಡನಾಗುವವನು ನನಗೆ ಮಾವ. ಹಾಗಾದರೆ ಅಮ್ಮನ ಭಾವ? ಅಂದರೆ ಅಮ್ಮನ ಸೋದರಮಾವನ ಮಗ? ಅವನು ಅಮ್ಮನಿಗೇ ಗಂಡನಾಗಬಹುದಿತ್ತು. ಹಾಗಾಗಿ ನನಗೆ ಅಪ್ಪನ ಸಾಲಿನವನು, ದೊಡ್ಡಪ್ಪ ಅಥವಾ ಅಪ್ಪಚ್ಚಿ. ಅಜ್ಜಿಗೆ ಎರಡನೇ ಕ್ಲಾಸಿನ ಮೇಲೆ ಶಾಲೆ ಇರಲಿಲ್ಲ. ಈ ಬೀಜಗಣಿತದಲ್ಲಿ ಮಾತ್ರ ಅವರನ್ನು ಸೋಲಿಸಿದವರನ್ನು ನಾನು ನೋಡಿಲ್ಲ.

ಹವ್ಯಕರಲ್ಲಿ ಇನ್ನೊಂದು ತಮಾಷೆ. ಸಂಬಂಧ ಗೊತ್ತಿಲ್ಲದ, ಹೆಚ್ಚುಕಡಿಮೆ ನಮ್ಮದೇ ಪ್ರಾಯದ ಗಂಡಸು ಎದುರಾದರೆ ಸುಮ್ನೆ "ಭಾವ" ಅಂದುಬಿಡುತ್ತೇವೆ. ಅಣ್ಣ ಅಂದರೆ ಒಂದು ಬಾಗಿಲು ಮುಚ್ಚುತ್ತದೆ, ಭಾವ ಅಂದರೆ ತೆರೆದೇ ಇರುತ್ತದೆ. ಅದಕ್ಕೇ ಇರಬೇಕು ಅಂತ ನನ್ನ ಊಹೆ. ಮಾತಿಗೆ ತಮಾಷೆಯ ಸಲುಗೆಯೂ ಬರುತ್ತದೆ, ಭಾವನನ್ನು ಕೆಣಕಿದರೆ ಯಾರೂ ತಪ್ಪು ಹೇಳುವುದಿಲ್ಲ.

ಈ ಜೋಡಣೆ ಕನ್ನಡದ್ದು ಮಾತ್ರ ಅಲ್ಲ. ತಮಿಳು, ತೆಲುಗು, ತುಳು, ಮಲಯಾಳ ಎಲ್ಲದರ ಅಡಿಪಾಯವೂ ಹೆಚ್ಚುಕಡಿಮೆ ಇದೇ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಎಂಬ ವಕೀಲರು ಪ್ರಪಂಚದ ನಾನಾ ಭಾಷೆಗಳ ನೆಂಟಸ್ತಿಕೆಯ ಶಬ್ದಗಳನ್ನು ಪಟ್ಟಿ ಮಾಡಿ 1871ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಕನ್ನಡದ ಪಟ್ಟಿಯೂ ಇದೆ. ಅಪ್ಪನ ತಮ್ಮನನ್ನು ಅಪ್ಪ ಅನ್ನುವ, ಅಮ್ಮನ ತಮ್ಮನನ್ನು ಬೇರೆ ಹೆಸರಿನಿಂದ ಕರೆಯುವ ಕ್ರಮ ಅಮೆರಿಕದ ಸೆನೆಕಾ ಮೂಲನಿವಾಸಿಗಳಲ್ಲೂ ತಮಿಳರಲ್ಲೂ ಒಂದೇ ತರ ಇರುವುದು ಕಂಡು ಅವರು ಬೆರಗಾಗಿದ್ದರು. ಇಬ್ಬರೂ ಒಂದೇ ಮೂಲದವರು ಅಂತಲೇ ಅವರು ತೀರ್ಮಾನಿಸಿಬಿಟ್ಟರು. ಅದನ್ನು ಈಗ ಯಾರೂ ಒಪ್ಪುವುದಿಲ್ಲ. ಪಟ್ಟಿ ಮಾತ್ರ ಉಪಯೋಗಕ್ಕೆ ಬಂತು.

ಒಡಹುಟ್ಟಿದವರ ಶಬ್ದಗಳಲ್ಲಿ ಇನ್ನೊಂದು ಗುಟ್ಟಿದೆ. ಮೊದಲನೆಯದು ಎಲ್ಲರಿಗೂ ಗೊತ್ತು, ಕನ್ನಡದಲ್ಲಿ ಪ್ರಾಯ ಹೇಳದೆ ಬ್ರದರ್ ಅನ್ನಲು ಬರುವುದಿಲ್ಲ. ಅಣ್ಣನೋ ತಮ್ಮನೋ ಹೇಳಲೇಬೇಕು. ಸಹೋದರ ಎಂಬುದು ಭಾಷಣಕ್ಕೆ, ಅರ್ಜಿ ನಮೂನೆಗೆ ಮಾತ್ರ. ಅವಳಿಗಳಲ್ಲೂ ಕಾಲು ಗಂಟೆ ಮೊದಲು ಬಂದವನೇ ಅಣ್ಣ. ಇದು ನಮ್ಮ ಸುತ್ತಲಿನ ಎಲ್ಲ ಭಾಷೆಯಲ್ಲೂ ಹಾಗೆಯೇ: ತುಳುವಿನಲ್ಲಿ ಅಣ್ಣೆ, ಮೆಗ್ಯೆ, ನಮ್ಮ ಕಡೆಯ ಮಲಯಾಳದಲ್ಲಿ ಏಟ್ಟನ್, ಅನಿಯನ್. ಕೊಂಕಣಿ, ಮರಾಠಿಯಲ್ಲಿ ಮಾತ್ರ ಭಾವು, ಭೈಣ ಅಂತ ಪ್ರಾಯ ಹೇಳದ ಶಬ್ದ ಸಿಗುತ್ತದೆ, ಅವು ಬೇರೆ ಕುಟುಂಬದ ಭಾಷೆಗಳು ತಾನೇ.

ಎರಡನೆಯದು ಕಣ್ಣಿಗೆ ಬೀಳದ್ದು. ತಮ್ಮ, ತಂಗಿ, ತಂದೆ. ಮೂರೂ "ತ"ದಿಂದ ಶುರುವಾಗುವುದು ಆಕಸ್ಮಿಕ ಅಲ್ಲ. ಅದು ತಾನು, ತನ್ನ ಎಂಬುದರ "ತನ್". ಹಳೆಯ ತಮಿಳಿನಲ್ಲಿ ಇದು ಸ್ಪಷ್ಟವಾಗಿ ಉಳಿದಿದೆ. ಅಲ್ಲಿ ಎಂದೈ ಅಂದರೆ ನನ್ನ ತಂದೆ, ನುಂದೈ ಅಂದರೆ ನಿನ್ನ ತಂದೆ, ತಂದೈ ಅಂದರೆ ಅವನ ತಂದೆ. ಎಂಗೈ ನನ್ನ ತಂಗಿ, ನುಂಗೈ ನಿನ್ನ ತಂಗಿ, ತಂಗೈ ಅವನ ಅಥವಾ ಅವಳ ತಂಗಿ. ಕಾಲ ಕಳೆದ ಹಾಗೆ ನನ್ನದು, ನಿನ್ನದು ಬಿದ್ದುಹೋಗಿ "ತನ್ನದು" ಒಂದೇ ಉಳಿಯಿತು. ಈಗ ನಾವು "ನನ್ನ ತಂಗಿ" ಅಂದಾಗೆಲ್ಲ ನಿಜವಾಗಿ "ನನ್ನ ಅವನ-ತಂಗಿ" ಅನ್ನುತ್ತಿದ್ದೇವೆ. ಯಾರ ತಂಗಿ ಎಂದು ಹೇಳದೆ ತಂಗಿ ಎಂಬುದೇ ಇಲ್ಲ ಅಂತ ಆ ಕಾಲದವರು ನಂಬಿದ್ದರು ಅಂತ ಕಾಣುತ್ತದೆ.

ಈಗ ಪಾಲುಪಟ್ಟಿಗೆ ವಾಪಸ್ ಬರೋಣ. ಅದರ ಹಿಂದೆ ಇರುವುದು ಅಳಿಯಸಂತಾನ. ಈ ಹೆಸರು ಕೇಳಿ ಘಟ್ಟದ ಮೇಲಿನ ಗೆಳೆಯರು "ಮಗಳ ಗಂಡನಿಗೆ ಆಸ್ತಿ ಕೊಡ್ತಾರಂತೆ" ಅಂತ ತಿಳಿದುಕೊಳ್ಳುವುದು ನಾನು ಎಷ್ಟೋ ಸಲ ಕೇಳಿದ್ದೇನೆ. ಅಲ್ಲ. ಇಲ್ಲಿ ಅಳಿಯ ಎಂದರೆ ಶುದ್ಧವಾಗಿ ತಂಗಿಯ ಮಗ. ಬಂಟರು, ಬಿಲ್ಲವರು ಮುಂತಾದ ತುಳು ಸಮುದಾಯಗಳಲ್ಲಿ ಕುಟುಂಬ ತಾಯಿಯ ಕಡೆಯಿಂದ ಬೆಳೆಯುತ್ತದೆ. ಬರಿ ಅಂದರೆ ಬಳಿ, ಗೋತ್ರದ ಹಾಗೆ ಕುಲದ ಗುರುತು. ಅದೂ ತಾಯಿಯಿಂದಲೇ ಬರುತ್ತದೆ. ಅಪ್ಪ ಒಂದು ಬರಿ, ಅವನ ಮಕ್ಕಳು ಇನ್ನೊಂದು ಬರಿ. ಅಪ್ಪನದೇ ಬರಿ ಬೇಕೆಂದರೆ ಅವನ ಅಕ್ಕತಂಗಿಯರ ಮಕ್ಕಳನ್ನು ನೋಡಬೇಕು. ಹಾಗಾಗಿ ಮನೆಯ ಯಜಮಾನನ ನಂತರ ಅವನ ಮಗ ಬರುತ್ತಿರಲಿಲ್ಲ, ಅಳಿಯ ಬರುತ್ತಿದ್ದ. ಆ ಮನೆಯಲ್ಲಿ ದೊಡ್ಡ ಸ್ಥಾನ ತಮ್ಮಲೆಯದು. ತಮ್ಮಲೆ ಅಂದರೆ ತುಳುವಿನಲ್ಲಿ ಸೋದರಮಾವ. ಆಸ್ತಿ ಅವನ ಸ್ವಂತದ್ದೂ ಆಗಿರಲಿಲ್ಲ, ಹೆಣ್ಣು ಸಂತತಿಯಲ್ಲಿ ಹುಟ್ಟಿದವರೆಲ್ಲರದ್ದಾಗಿತ್ತು. ಅವನು ನೋಡಿಕೊಳ್ಳುವವನು. ಕೆಲವು ಕಡೆ ಹೆಂಗಸೇ ಯಜಮಾನ್ತಿ.

ಭೂತಾಳ ಪಾಂಡ್ಯನ ಐತಿಹ್ಯ ಈ ಕಡೆ ಎಲ್ಲರಿಗೂ ಗೊತ್ತು. ಕುಂಡೋದರ ಎಂಬ ಭೂತ ದೊರೆಯ ಮಗನನ್ನು ಬಲಿ ಕೇಳಿತು. ಹೆಂಡತಿ ಮಗನನ್ನು ಕೊಡಲಿಲ್ಲ. ತಂಗಿ ತನ್ನ ಮಗನನ್ನು ಮುಂದೆ ತಂದು ನಿಲ್ಲಿಸಿದಳು. ಭೂತ ಮೆಚ್ಚಿ, ಇನ್ನು ಮುಂದೆ ಆಸ್ತಿ ಅಳಿಯನಿಗೇ ಹೋಗಲಿ ಅಂದಿತು. ಕಥೆ ಚೆನ್ನಾಗಿದೆ. ಆದರೆ ನನಗೆ ಯಾವಾಗಲೂ ಆ ಹೆಂಡತಿಯ ಮೇಲೆ ಕನಿಕರ. ಮಗನನ್ನು ಬಲಿ ಕೊಡುವುದಿಲ್ಲ ಅಂದದ್ದು ತಪ್ಪೇ?

ಕಾಯಿದೆಯ ಕಡೆ ಬೇಗ ಹೇಳಿಬಿಡುತ್ತೇನೆ. ಒಟ್ಟು ಕುಟುಂಬ ಪಾಲಾಗಲು ದಾರಿ ಮಾಡಿದ್ದು 1949ರ ಮದರಾಸು ಅಳಿಯಸಂತಾನ ಕಾಯಿದೆ. ನೆರೆಮನೆಯವರ 1951ರ ಪಾಲುಪಟ್ಟಿ ಅದರ ಬೆನ್ನಿಗೇ ಬಂದದ್ದು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. ಅದೇ ವರ್ಷ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. ಕೊನೆಗೆ ಕೇರಳ ಸರ್ಕಾರ 1975ರ ಕಾಯಿದೆಯಿಂದ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ತೆಗೆದುಹಾಕಿತು. 1976ರ ಡಿಸೆಂಬರ್ 1ರಿಂದ ಅದು ಜಾರಿ. ಚಂದ್ರಗಿರಿ ಹೊಳೆಯ ಆಚೆ ನಾಯರ್ ತರವಾಡುಗಳಲ್ಲಿ, ಅಂದರೆ ತಾಯಿಯ ಕಡೆಯ ಒಟ್ಟು ಕುಟುಂಬಗಳಲ್ಲಿ ಇದ್ದ ಮರುಮಕ್ಕತ್ತಾಯವೂ ಅಲ್ಲಿಗೆ ಮುಗಿಯಿತು. ಆ ಹೆಸರನ್ನೂ ಗಮನಿಸಿ, ಮರುಮಕ್ಕಳು ಅಂದರೆ ಅಳಿಯಂದಿರು. ತುಳುವರೂ ಮಲಯಾಳಿಗಳೂ ಪದ್ಧತಿಗೆ ಹೆಸರಿಟ್ಟದ್ದು ಒಂದೇ ಆಳಿನ ಮೇಲೆ.

ಅಂಥ ಮನೆಯಲ್ಲಿ ಯಜಮಾನ ತನ್ನ ಮಗಳನ್ನು ತಂಗಿಯ ಮಗನಿಗೆ ಕೊಟ್ಟರೆ ಏನಾಗುತ್ತದೆ ನೋಡಿ. ಆಸ್ತಿ ನೋಡಿಕೊಳ್ಳಲು ಬರುವವನೇ ಮಗಳ ಗಂಡನೂ ಆದ. ಅಳಿಯ ಶಬ್ದದ ಎರಡು ಅರ್ಥಗಳೂ ಒಂದೇ ಚಾವಡಿಯಲ್ಲಿ ಒಂದೇ ಕುರ್ಚಿ ಮೇಲೆ ಕೂತವು.

ಆದರೆ ಇದೇ ಲೆಕ್ಕ ಇನ್ನೊಂದು ಮದುವೆಯನ್ನು ಪೂರ್ತಿ ತಡೆಯುತ್ತದೆ. ಮಂಗಳೂರಿನಲ್ಲಿ ಓದುವಾಗ ಮೈಸೂರು ಕಡೆಯ ಗೆಳೆಯನೊಬ್ಬ ರಜೆಯಲ್ಲಿ ನಮ್ಮ ಊರಿಗೆ ಬಂದಿದ್ದ. ನೆರೆಮನೆಯಲ್ಲಿ ಊಟ. ಮಾತಿನ ನಡುವೆ ಅವನು "ನಮ್ಮಮ್ಮಂಗೆ ನಮ್ಮಪ್ಪ ಸ್ವಂತ ಸೋದರಮಾವ" ಅಂದ. ಹಳೆ ಮೈಸೂರಿನಲ್ಲಿ ಅಕ್ಕನ ಮಗಳನ್ನು ಮದುವೆಯಾಗುವುದು ಏನೂ ವಿಶೇಷ ಅಲ್ಲ. ಬಡಿಸುತ್ತಿದ್ದ ಮನೆಯಾಕೆಯ ಕೈಯಲ್ಲಿ ಸೌಟು ಹಾಗೇ ನಿಂತಿತು. "ತಮ್ಮಲೆನ್ ಮದಿಮೆ ಆಪುನಾ!" ಸೋದರಮಾವನನ್ನು ಮದುವೆಯಾಗುವುದಾ, ಅಂತ. ಅವನಿಗೆ ಅರ್ಥವಾಗಲಿಲ್ಲ, ಒಳ್ಳೆಯದೇ ಆಯಿತು. ತಂದೆಯ ಕಡೆಯಿಂದ ಗೋತ್ರ ಎಣಿಸುವವರಿಗೆ ಅಕ್ಕನ ಮಗಳು ಬೇರೆ ಗೋತ್ರದವಳು. ತಾಯಿಯಿಂದ ಬರಿ ಎಣಿಸುವವರಿಗೆ ಅವಳು ತನ್ನದೇ ಬರಿ, ತನ್ನದೇ ರಕ್ತ, ಮಗಳಿಗಿಂತ ಹತ್ತಿರದವಳು. ಇಬ್ಬರಿಗೂ ಮಾವನ ಮಗಳು ಆಗುತ್ತಾಳೆ, ಅದರಲ್ಲಿ ತಕರಾರಿಲ್ಲ.

1955ರ ಹಿಂದೂ ವಿವಾಹ ಕಾಯಿದೆಗೆ ಈ ನಾಜೂಕು ಯಾವುದೂ ಇಲ್ಲ. ಅದು ಅಣ್ಣತಮ್ಮಂದಿರ ಮಕ್ಕಳು, ಅಕ್ಕತಂಗಿಯರ ಮಕ್ಕಳು, ಅಣ್ಣತಂಗಿಯರ ಮಕ್ಕಳು, ಸೋದರಮಾವ ಮತ್ತು ಸೊಸೆ ಎಲ್ಲರನ್ನೂ ಒಂದೇ ಚೀಲಕ್ಕೆ ಹಾಕಿ ಮದುವೆ ಕೂಡದು ಅನ್ನುತ್ತದೆ. ಜೊತೆಗೆ, ರೂಢಿಯಲ್ಲಿದ್ದರೆ ಆಗಬಹುದು ಅಂತ ಒಂದು ಸಾಲು ಇಟ್ಟಿದೆ. ಕಸಿನ್ ಎಂಬ ಶಬ್ದದ ಕಣ್ಣಿನಿಂದ ಬರೆದ ಕಾಯಿದೆ, ಭಾವ ಎಂಬ ಶಬ್ದದವರಿಗಾಗಿ ಕಿಟಕಿ ಬಿಟ್ಟದ್ದು ಅಂತ ನನಗನಿಸುತ್ತದೆ.

ಆ ಕಸಿನ್ ಈಗ ನಮ್ಮ ಮನೆಯೊಳಗೂ ಬಂದಿದ್ದಾನೆ. ಅಣ್ಣನ ಮಗಳು ಫೋನಿನಲ್ಲಿ "ಕಸಿನ್ ಮದುವೆ" ಅಂದಾಗ ನಾನು ಸುಮ್ನೆ ಕೇಳುತ್ತೇನೆ, ಯಾವ ಕಡೆಯವನು ಅಂತ. ಅವಳಿಗೆ ಅದು ಬೇಡದ ಪ್ರಶ್ನೆ. ಸೋದರಿಕೆಯ ಮದುವೆ ಕಡಿಮೆಯಾಗುತ್ತಿದೆ, ಆಗಲಿ, ಹತ್ತಿರದ ರಕ್ತ ಬೇಡ ಅಂತ ಡಾಕ್ಟರು ಹೇಳುವುದರಲ್ಲಿ ಅರ್ಥ ಇದೆ. ಮದುವೆಯ ದಾರಿ ಮುಚ್ಚಿದ ಮೇಲೆ ಭಾವನೂ ಅಣ್ಣನೂ ಒಂದೇ ಆಗಿಬಿಟ್ಟರೆ ಆಶ್ಚರ್ಯ ಏನಿಲ್ಲ. ಷಡ್ಡಕ, ಓರಗಿತ್ತಿ ಎಂಬ ಶಬ್ದಗಳು ಅವಳಿಗೆ ಗೊತ್ತೇ ಇಲ್ಲ. ಹೆಂಡತಿಯ ಅಕ್ಕತಂಗಿಯ ಗಂಡನಾದ ಷಡ್ಡಕ ಈಗ ಕೋ-ಬ್ರದರ್. ಅದರಲ್ಲಿ ಹೆಂಡತಿಯೇ ಕಾಣೆ.

ಬೀದಿಯಲ್ಲಿ ಮಾತ್ರ ಹಳೆಯ ಶಬ್ದಗಳು ಗಟ್ಟಿಯಾಗಿವೆ. ಕಾಸರಗೋಡಿನಿಂದ ಬದಿಯಡ್ಕ, ಪೆರ್ಲದ ಕಡೆ ಹೋಗುವ ಬಸ್ಸಿನಲ್ಲಿ ಕಂಡಕ್ಟರನ್ನು ಕರೆಯುವ ಮೊದಲು ಜನ ಅರೆಕ್ಷಣ ಅವನ ಮುಖ ನೋಡುತ್ತಾರೆ. ಆಮೇಲೆ ಅಣ್ಣ, ಏಟ್ಟಾ, ಇಲ್ಲವೇ ಮಲಯಾಳಿ ಮುಸ್ಲಿಮರು ಅಣ್ಣನಿಗೆ ಅನ್ನುವ ಇಕ್ಕಾ, ಯಾವುದಾದರೂ ಒಂದು. ತಪ್ಪಿದರೂ ಅವನು ತಿರುಗಿ ನೋಡುತ್ತಾನೆ. ಅವನು ನಮ್ಮನ್ನು ಕರೆಯುವುದೂ ಹಾಗೆಯೇ.

ಪಾಲುಪಟ್ಟಿಯ ವಿಷಯ ಹೇಳುವುದು ಬಾಕಿ ಇದೆ. ಅನುವಾದ ತಿದ್ದಿಸಬೇಕಿತ್ತು. ಅಳಿಯನ್ ತೆಗೆದು ಮರುಮಗನ್ ಹಾಕೋಣ ಅಂತ ನಾನೇ ಜಾಣನ ಹಾಗೆ ಹೇಳಿದೆ. ಕೂಡಲೇ ಆಚೆಯಿಂದ ಪ್ರಶ್ನೆ ಬಂತು: ಯಾವ ಮರುಮಗನ್, ಮಗಳ ಗಂಡನೋ ತಂಗಿಯ ಮಗನೋ? ಮಲಯಾಳಿಗಳ ಶಬ್ದವೂ ನಮ್ಮದರ ಹಾಗೇ ಎರಡು ಕಡೆ ಕಾಲು ಹಾಕಿದ್ದು ನನಗೆ ಮರೆತೇ ಹೋಗಿತ್ತು. ಕೊನೆಗೆ ಅರ್ಜಿ ಬರೆಯುವವರು ಮೂರು ಹೆಸರಿನ ಮುಂದೆಯೂ ಉದ್ದಕ್ಕೆ "ಪೆಙ್ಙಳುಡೆ ಮಗನ್" ಅಂತ ಬರೆದರು. ಒಡಹುಟ್ಟಿದವಳ ಮಗ. ಕಾಗದ ಮುಂದೆ ಹೋಯಿತು.